ಎಂಬತ್ತಮೂರು ಜನರ ಒಂದು ಫೋನು

“ಅತ್ತೆ, ನೀವು ಕ್ರೇನ್ ಓಡಿಸ್ತೀರಾ?”

ಕಾರ್ಖಾನೆಯ ಹಾಜರಿ ಬರೆಯುವ, ಎಲ್ಲರೂ ‘ಹಾಜರಿ ಅಕ್ಕ’ ಎನ್ನುವ ಅತ್ತೆ ಕನ್ನಡಕದ ಮೇಲಿಂದ ನೋಡಿದರು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕೈಯಲ್ಲಿ ಆಗತಾನೇ ಪ್ರಿಂಟರಿನಿಂದ ಇಳಿದ, ಇನ್ನೂ ಬೆಚ್ಚಗಿದ್ದ ಹಾಳೆ.

“ಇಲ್ಲೀವರೆಗೂ ಇಲ್ಲ. ಯಾಕೆ, ಜನ ಕಮ್ಮಿ ಬಿದ್ರಾ?”

“ಓಡಿಸ್ತೀರಿ ಅಂತ ಇದೆ. ಲೈಸೆನ್ಸೂ ಇದೆ. ಮೂರೂ ಪಾಳಿ ಕೆಲಸ ಮಾಡ್ತಿದ್ದೀರಿ, ಒಂದು ದಿನವೂ ರಜೆ ಇಲ್ಲ. ಹೋದ ತಿಂಗಳು ಸ್ಟೋರಿನಿಂದ ನಲವತ್ತು ಜೊತೆ ಕೈಗವಸು ಇಸ್ಕೊಂಡಿದ್ದೀರಿ. ನಿನ್ನೆ ಒಂದೇ ದಿನ ಕ್ಯಾಂಟೀನಲ್ಲಿ ಅರವತ್ತೆಂಟು ಊಟ ಮಾಡಿದ್ದೀರಿ. ಆಮೇಲೆ…” ಸೊಸೆ ಹಾಳೆ ತಿರುಗಿಸಿದಳು. “ನಿಮಗೀಗ ಏಳು ತಿಂಗಳು.”

“ಏನು ಏಳು ತಿಂಗಳು?”

“ಬಸುರಿ.”

ಅಕ್ಕ ಪೆನ್ನು ಕೆಳಗಿಟ್ಟರು. “ನಿನ್ನ ಮಾವನಿಗೆ ಹೇಳಿದ್ಯಾ? ಬಿ.ಪಿ. ಇರೋ ಮನುಷ್ಯ. ನಿಧಾನವಾಗಿ ಹೇಳಬೇಕು.”

ಸೊಸೆಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಎದುರಿನ ಸ್ಟೂಲಿನ ಮೇಲೆ ಕುಳಿತಳು.

ಅದು ಗಾಜಿನ ಬಾಟಲಿ ಮಾಡುವ ಕಾರ್ಖಾನೆ. ಅಲ್ಲಿಯ ಕುಲುಮೆ ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಆರುವುದಿಲ್ಲ; ಹಾಗಾಗಿ ಜನರೂ ಮೂರು ಪಾಳಿಯಲ್ಲಿ ಬರುತ್ತ ಹೋಗುತ್ತ ಇರಲೇಬೇಕು. ಒಟ್ಟು ಒಂಬೈನೂರು ಮಂದಿ. ಅವರ ಹಾಜರಿ ಒಂದು ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಸ್ಟೋರಿನ ಲೆಕ್ಕ ಇನ್ನೊಂದರಲ್ಲಿ, ಕ್ಯಾಂಟೀನಿನದು ಮೂರನೆಯದರಲ್ಲಿ, ಆರೋಗ್ಯ ಕೊಠಡಿಯದು ನಾಲ್ಕನೆಯದರಲ್ಲಿ. ನಾಲ್ಕೂ ಬೇರೆ ಬೇರೆ ಕಾಲದಲ್ಲಿ ಬಂದವು. ಒಂದೇ ಮನೆ ಸೇರಿದ ನಾಲ್ವರು ಓರಗಿತ್ತಿಯರ ಹಾಗೆ ಒಂದರ ಮಾತು ಇನ್ನೊಂದಕ್ಕೆ ಹಿಡಿಸದು. ಹಾಜರಿಯ ಪ್ರಕಾರ ನಿವೃತ್ತನಾಗಿ ಮೂರು ವರ್ಷವಾದ ಮನುಷ್ಯನಿಗೆ ಸ್ಟೋರಿನವರು ಈಗಲೂ ತಿಂಗಳು ತಿಂಗಳು ಕೈಗವಸು ತೆಗೆದಿಡುತ್ತಿದ್ದರು. ನಿನ್ನೆ ಸೇರಿದವಳಿಗೆ ಹಾಜರಿಯಲ್ಲಿ ಹೆಸರಿತ್ತು, ಕ್ಯಾಂಟೀನಿನಲ್ಲಿ ತಟ್ಟೆ ಇರಲಿಲ್ಲ.

ಹೀಗೆ ನಾಲ್ಕು ಕಡೆ ಚದುರಿದ ಗುರುತುಗಳನ್ನೆಲ್ಲ ಕೂಡಿಸಿ, ಒಬ್ಬರಿಗೆ ಒಂದೇ ದಾಖಲೆ ಮಾಡಿ, ಕೈಲಿರುವ ಕಾರ್ಡೇ ಎಲ್ಲ ಕಡೆಗೂ ನಡೆಯುವಂತೆ ಮಾಡುವ ಒಂದು ತಂತ್ರಾಂಶವನ್ನು ಕಂಪ್ಯೂಟರ್ ವಿಭಾಗದ ಸೊಸೆ ಹುಡುಕಿ ತಂದಿದ್ದಳು. ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ಅದನ್ನು ಬಿಚ್ಚಿ ಓದಬಹುದು, ತಮಗೆ ಬೇಕಾದ ಹಾಗೆ ತಿದ್ದಬಹುದು, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಹಂಚಬಹುದು. ಅವಳು ಇದನ್ನು ಮನೆಯಲ್ಲಿ ಮೊದಲ ಸಲ ವಿವರಿಸಿದಾಗ ಅಕ್ಕ ತಟ್ಟೆಯಿಂದ ಕಣ್ಣೆತ್ತದೆ ಕೇಳಿದ್ದರು:

“ಬೀದೀಲಿ ಬಿದ್ದಿದ್ದನ್ನ ಎತ್ಕೊಂಡು ಬಂದಿದ್ದೀಯಾ ಅನ್ನು.”

“ನಿಮ್ಮಪ್ಪ ದಿನಾ ಸಂಜೆ ಪದ್ಯ ಓದಿ ಹೇಳ್ತಿದ್ರಲ್ಲ ಅತ್ತೆ, ಅದನ್ನ ಅಂಗಡಿಯಿಂದ ತಂದಿದ್ರಾ? ಯಾರೋ ಕಟ್ಟಿದ್ದು, ಯಾರೋ ಬಾಯಿಪಾಠ ಮಾಡಿದ್ದು, ತಪ್ಪಿದ ಕಡೆ ಇನ್ಯಾರೋ ತಿದ್ದಿದ್ದು. ಇದೂ ಹಾಗೇ.”

ಆ ಮಾತು ಅಕ್ಕನಿಗೆ ಹಿಡಿಸಿತು. ಹಿಡಿಸಿದ್ದು ಸೊಸೆಗೆ ಗೊತ್ತಾಗಬಾರದಲ್ಲ. “ಇರಬಹುದು. ಆದ್ರೆ ಪದ್ಯ ಯಾವತ್ತೂ ನನ್ನ ಪಾಸ್‌ವರ್ಡ್ ಕೇಳಿಲ್ಲ,” ಎಂದು ಎದ್ದು ಕೈತೊಳೆದಿದ್ದರು.

ಕಾರ್ಖಾನೆಯ ಮುಖ್ಯಸ್ಥರನ್ನು ಎಲ್ಲರೂ ‘ದೊಡ್ಡವರು’ ಎನ್ನುತ್ತಿದ್ದರು. ಅವರಿಗೆ ಪುಕ್ಕಟೆ ಸಿಗುವ ಯಾವುದರ ಮೇಲೂ ನಂಬಿಕೆಯಿಲ್ಲ. ಇದೇ ಕೆಲಸಕ್ಕೆ ಸಿದ್ಧ ವ್ಯವಸ್ಥೆ ಮಾರುವ ಒಂದು ಕಂಪನಿಯ ಕಡೆ ಅವರ ಒಲವು. ಅದರ ಒಳಗೇನಿದೆಯೆಂದು ಯಾರಿಗೂ ಇಣುಕಲು ಬಿಡದ ಕಾರಣ ಸೊಸೆ ಅದಕ್ಕೆ ‘ಪೆಟ್ಟಿಗೆ’ ಎಂದು ಹೆಸರಿಟ್ಟಿದ್ದಳು. ಅದನ್ನು ಮಾರಲು ಟೈ ಕಟ್ಟಿಕೊಂಡು ಬರುತ್ತಿದ್ದವನು ‘ಪೆಟ್ಟಿಗೆಯವನು’. ಆರು ತಿಂಗಳು ಮೀಟಿಂಗಿನಿಂದ ಮೀಟಿಂಗಿಗೆ ಅಲೆದ ಮೇಲೆ ದೊಡ್ಡವರು ಸೊಸೆಗೆ ಒಂದೇ ಒಂದು ಅವಕಾಶ ಕೊಟ್ಟಿದ್ದರು.

“ನೋಡಮ್ಮ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಪಾಳಿ ಬದಲಾಗುವಾಗ ಹೊಸ ಗೇಟು ಶುರು ಮಾಡು. ಪ್ರತಿಯೊಬ್ಬರೂ ತಮ್ಮ ಕಾರ್ಡಿನಲ್ಲೇ ಒಳಗೆ ಬರಬೇಕು. ಒಬ್ಬರೇ ಒಬ್ಬರು ಹೊರಗುಳಿದ್ರೂ ನಿನ್ನ ಸಾಮಾನು ವಾಪಸ್, ಅವರದ್ದು ಒಳಗೆ. ಅವರೂ ಬಂದು ನೋಡ್ತಾರೆ.”

ತಪ್ಪಿದರೆ ಅವಳು ಮತ್ತೆ ಮರೆತುಹೋದ ಪಾಸ್‌ವರ್ಡುಗಳನ್ನು ಬದಲಿಸಿಕೊಡುವ ಮೂಲೆಯ ಮೇಜಿಗೆ. ಆಮೇಲೆ ಅವಳು ಬಾಯಿ ತೆರೆದರೆ ಕೇಳುವವರು ಯಾರೂ ಇರುವುದಿಲ್ಲ. ಇವತ್ತು ಸೋಮವಾರ. ಮೊದಲ ಸಲ ದಾಖಲೆಗಳನ್ನು ಕೂಡಿಸಿ ನೋಡಿದರೆ ಎಂಬತ್ತಮೂರು ಜನ ಸೇರಿ ಒಬ್ಬರಾಗಿದ್ದರು. ಆ ಒಬ್ಬರು ಅವಳ ಅತ್ತೆ.

“ಅತ್ತೆ, ಈ ಎಂಬತ್ತಮೂರು ಜನಕ್ಕೂ ಒಂದೇ ಫೋನ್ ನಂಬರಿದೆ. ನಿಮ್ಮದು.”

ಅಕ್ಕ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಒಡೆದ ಬಾಟಲಿಗಳ ಹಸಿರು ಗುಡ್ಡೆಯ ಹೊರತು ನೋಡುವಂಥದ್ದೇನೂ ಇರಲಿಲ್ಲ.

“ಆ ಪರದೆ ಮುಂದಕ್ಕೇ ಹೋಗ್ತಿರಲಿಲ್ಲ ಕಣೇ. ಫೋನ್ ನಂಬರ್ ಹಾಕಿ, ಹಾಕಿ ಅಂತ ಕೆಂಪಗೆ ಮಿನುಗೋದು. ಎದುರಿಗೆ ಕೆಲಸಕ್ಕೆ ಬಂದ ಮನುಷ್ಯ ನಿಂತಿದ್ದಾನೆ, ಅವನ ಹತ್ರ ಫೋನಿಲ್ಲ. ಹೋಗಪ್ಪ ಅಂತ ವಾಪಸ್ ಕಳಿಸ್ಲಾ? ನಂದು ಹಾಕ್ದೆ.”

“ಒಂದ್ಸಲ ಆದ್ರೆ ಸರಿ.”

“ಎರಡನೇ ಸಲಕ್ಕೆ ಅಭ್ಯಾಸ ಆಗಿತ್ತು.”

ಅಭ್ಯಾಸ ಆಗಿದ್ದು ಅಕ್ಕನಿಗೊಬ್ಬರಿಗೇ ಅಲ್ಲ. ಪಾಳಿ ಬದಲಾದರೆ, ಸ್ಟೋರಿಗೆ ಹೊಸ ಬೂಟು ಬಂದರೆ, ಕಣ್ಣು ಪರೀಕ್ಷೆಯ ದಿನ ಗೊತ್ತಾದರೆ ಸಂದೇಶ ಬರುತ್ತಿದ್ದುದು ಅಕ್ಕನ ಫೋನಿಗೆ. ಅಕ್ಕ ಎದ್ದು ಕುಲುಮೆಯ ತನಕ ನಡೆದು, ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಹೇಳಿ ಬರುತ್ತಿದ್ದರು. ಕಾಲಕ್ರಮದಲ್ಲಿ ಎಲ್ಲರೂ ಫೋನು ಕೊಂಡರು. ನಂಬರು ಬದಲಿಸಿ ಎಂದು ಯಾರೂ ಬರಲಿಲ್ಲ. ಕುಲುಮೆಯ ಹಿರಿಯನೊಬ್ಬನನ್ನು ಎಲ್ಲರೂ ಉದ್ದ ಮಾವ ಎನ್ನುತ್ತಿದ್ದರು. ಅವನಂತೂ ಬಾಯಿಬಿಟ್ಟು ಹೇಳಿದ್ದ: “ಫೋನ್ ಆದ್ರೆ ಚಾರ್ಜು ಮುಗಿಯುತ್ತೆ. ಅಕ್ಕಂದು ಮುಗಿಯಲ್ಲ.”

ಸೊಸೆ ತನ್ನ ಕೋಣೆಗೆ ಹೋಗಿ ತಂತ್ರಾಂಶವನ್ನು ಬಿಚ್ಚಿ ಕುಳಿತಳು. ಇಬ್ಬರು ಒಬ್ಬರೇ ಹೌದೋ ಅಲ್ಲವೋ ಎಂದು ನಿರ್ಧರಿಸುವ ನಿಯಮ ಸಿಕ್ಕಿತು. ಹೆಸರು ಹೋಲಿದರೆ ಇಷ್ಟು ಅಂಕ, ಹುಟ್ಟಿದ ದಿನ ಹೋಲಿದರೆ ಇಷ್ಟು. ಫೋನ್ ನಂಬರು ಒಂದೇ ಆದರೆ ಚರ್ಚೆಯೇ ಇಲ್ಲ, ಇಬ್ಬರೂ ಒಬ್ಬರೇ. ಅವಳು ಆ ತಂತ್ರಾಂಶ ಕಟ್ಟುವವರ ಚರ್ಚಾಕೂಟದಲ್ಲಿ ತನ್ನ ಕಷ್ಟ ಬರೆದು ಹಾಕಿದಳು. ಗಂಟೆಯೊಳಗೆ, ಮುಖ ನೋಡದ, ಯಾವ ಊರೆಂದೂ ಗೊತ್ತಿಲ್ಲದ ಒಬ್ಬನಿಂದ ಉತ್ತರ ಬಂತು:

‘ಒಂದು ನಂಬರಿಗೆ ಎಂಬತ್ತಮೂರು ಜನವೇ? ಅದೇನು ಟೆಲಿಫೋನ್ ಕಚೇರಿಯೇ?’

‘ಅಲ್ಲ. ನನ್ನ ಅತ್ತೆ,’ ಎಂದು ಸೊಸೆ ಬರೆದಳು.

ಅವನ ಮರು ಉತ್ತರ ಬಂತು: ‘ಆ ನಿಯಮ ಬರೆದವನು ನಾನೇ. ನನಗೆ ಅಂಥ ಅತ್ತೆ ಸಿಕ್ಕಿರಲಿಲ್ಲ, ಕ್ಷಮಿಸಿ. ನೀವೇ ತಿದ್ದಿ ಕಳಿಸಿ, ನೋಡುತ್ತೇನೆ.’

ಸೊಸೆ ತಿದ್ದಿದಳು. ಒಂದೇ ನಂಬರು ಮೂವರಿಗಿಂತ ಹೆಚ್ಚು ಜನರಿಗಿದ್ದರೆ ಅವರನ್ನು ಕೂಡಿಸಬಾರದು, ಬೇರೆಯಾಗಿಟ್ಟು ಮನುಷ್ಯರನ್ನೇ ಕೇಳಬೇಕು. ಇಷ್ಟೇ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅವಳ ತಿದ್ದುಪಡಿ ಒಪ್ಪಿಗೆಯಾಯಿತು. ಇನ್ನು ಮೇಲೆ ಆ ತಂತ್ರಾಂಶ ಬಳಸುವವರು ಎಲ್ಲೇ ಇರಲಿ, ಅವರ ಬಳಿಯೂ ಅತ್ತೆಗೊಂದು ಜಾಗವಿತ್ತು.

ಎಂಬತ್ತಮೂರು ಜನ ಬಿಡಿಸಿಕೊಂಡು ಹೊರಬಂದರು. ಆದರೆ ಇಡಿಯಾಗಿ ಬರಲಿಲ್ಲ. ಒಬ್ಬೊಬ್ಬರು ನಾಲ್ಕು ನಾಲ್ಕು ತುಂಡಾಗಿ ಬಂದರು: ಹಾಜರಿಯ ತುಂಡು, ಸ್ಟೋರಿನ ತುಂಡು, ಕ್ಯಾಂಟೀನಿನ ತುಂಡು, ಆರೋಗ್ಯ ಕೊಠಡಿಯ ತುಂಡು. ಒಂದರಲ್ಲಿ ಅರ್ಧ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು, ಮತ್ತೊಂದರಲ್ಲಿ ಬರೀ ಬೂಟಿನ ಅಳತೆ. ಯಾವ ಬೂಟು ಯಾರ ಕಾಲಿನದೆಂದು ತಿಳಿದಿದ್ದ ಪ್ರಾಣಿ ಆ ಕಾರ್ಖಾನೆಯಲ್ಲಿ ಒಂದೇ.

ಬುಧವಾರ ಮತ್ತು ಗುರುವಾರ ಊಟದ ಬಿಡುವಿನಲ್ಲಿ ಅತ್ತೆ ಸೊಸೆ ಎದುರು ಬದುರು ಕುಳಿತರು. ಅಕ್ಕ ಕಣ್ಣು ಮುಚ್ಚಿದರು, ತೊಡೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಾಳ ಹಾಕಿಕೊಂಡರು.

“ಮೊದಲ ಪಾಳಿ, ಕುಲುಮೆ ಬಾಯಿ, ಉದ್ದ ಮಾವ ಹತ್ತನೇ ಬೂಟು, ಅವನ ಪಕ್ಕ ಎಡಗೈಯವನು, ಉಪ್ಪು ಕಮ್ಮಿ ಊಟ, ಎಡಗೈ ಹಿಂದೆ ಕೆಮ್ಮಿನ ತಾತ, ದೊಡ್ಡ ಕನ್ನಡಕ—”

“ಅತ್ತೆ, ನಿಧಾನ. ಹಾಡಬೇಡಿ, ಹೇಳಿ.”

“ಹಾಡದಿದ್ರೆ ಬರಲ್ಲ.”

“ಸರಿ, ಎಡಗೈಯವನ ಹತ್ರ ಇದ್ವಿ.”

“ನಡುವಿಂದ ಹೇಗೆ ಹಿಡೀಲಿ? ಎಳೆ ತಪ್ಪಿಸಿದ್ಯಲ್ಲ.” ಅಕ್ಕ ಮತ್ತೆ ಕಣ್ಣು ಮುಚ್ಚಿದರು. “ಮೊದಲ ಪಾಳಿ, ಕುಲುಮೆ ಬಾಯಿ…”

ಚಿಕ್ಕಂದಿನಲ್ಲಿ ಅಪ್ಪ ಓದುತ್ತಿದ್ದ ಪದ್ಯಗಳನ್ನು ಅಕ್ಕ ಕಂಬಕ್ಕೊರಗಿ ಕೇಳಿಯೇ ಕಲಿತದ್ದು. ದೇವರ ನಾಮಾವಳಿಯಿರಲಿ, ಬೂಟಿನ ಅಳತೆಯಿರಲಿ, ತಾಳಕ್ಕೆ ಕೂಡಿಸಿಕೊಂಡರೆ ಅವರಿಗೆ ಮರೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅವರು ತುಟಿ ಅಲ್ಲಾಡಿಸುವುದನ್ನು ನೋಡಿ ಸೊಸೆ, ದೇವರ ಧ್ಯಾನವೆಂದು ಎರಡು ವರ್ಷ ಮಾತಾಡಿಸದೆ ಕುಳಿತಿದ್ದಳು. ಈಗ ಗೊತ್ತಾಯಿತು: ಎರಡನೇ ಪಾಳಿಯ ಪ್ಯಾಕಿಂಗ್ ವಿಭಾಗ.

ನಾಲ್ಕು ಸಲ ಮೊದಲಿನಿಂದ ಶುರು ಮಾಡಿಸಿಕೊಂಡ ಮೇಲೆ ಸೊಸೆ ಪಾಠ ಕಲಿತು, ಬಾಯಿ ಮುಚ್ಚಿ ಬೆರಳು ಓಡಿಸಿದಳು. ಸಿಕ್ಕವರನ್ನು ಕರೆದು ಅವರವರ ಸ್ವಂತ ನಂಬರು ಹಾಕಿಸಿದಳು. ಗುರುವಾರ ಮೂರು ಗಂಟೆಗೆ ಲೆಕ್ಕ ಹಿಡಿದಾಗ ಎಂಬತ್ತೊಂದು ಜನ ಪೂರ್ತಿ ಮನುಷ್ಯರಾಗಿದ್ದರು.

“ನೀವು ಸೇರಿ ಎಂಬತ್ತೆರಡು. ಒಂದು ಉಳೀತು ಅತ್ತೆ.”

“ಎಣಿಕೆ ತಪ್ಪಿರಬೇಕು.”

“ಕಂಪ್ಯೂಟರ್ ಎಣಿಸಿದ್ದು.”

“ಅದು ನನ್ನನ್ನ ಬಸುರಿ ಅಂದಿತ್ತು.”

ಸೊಸೆ ಪರದೆಯನ್ನು ಅವರತ್ತ ತಿರುಗಿಸಿದಳು. ಹಳೆಯ ದಾಖಲೆ. ಆ ಕಾಲದಲ್ಲಿ ತರಬೇತಿಗೆ ಬಂದವರಿಗೆ ಹೆಸರು ಬರೆಯುತ್ತಿರಲಿಲ್ಲ, ಸಂಖ್ಯೆ ಮಾತ್ರ. ‘ತರಬೇತಿ ಹದಿನೇಳು.’ ಹಾಜರಿ ಇಲ್ಲ, ಕೈಗವಸಿಲ್ಲ, ಊಟವಿಲ್ಲ. ವರ್ಷಕ್ಕೊಂದು ಸಲ ರಕ್ತ ಪರೀಕ್ಷೆ, ಅಷ್ಟೇ.

“ಯಾವ ಕಾಲದಲ್ಲೋ ಬಿಟ್ಟು ಹೋದವರಿರಬೇಕು. ಅಳಿಸಿಬಿಡ್ತೀನಿ. ಪಟ್ಟಿ ಶುದ್ಧ ಆಗುತ್ತೆ.”

“ಅಳಿಸಬೇಡ.” ಅಕ್ಕನ ದನಿ ಈ ಸಲ ಆಟದ್ದಾಗಿರಲಿಲ್ಲ. “ಇದ್ದಾರೆ.”

“ಯಾರು?”

“ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ.”

“ಅತ್ತೆ, ನಾಳೆ ಆ ಕಾರ್ಡು ಗೇಟಿನ ಹತ್ರ ಬಂದ್ರೆ ಕೆಂಪು ದೀಪ ಹತ್ತುತ್ತೆ. ಸ್ವಂತ ನಂಬರ್ ಖಾತ್ರಿಯಾಗದ ಕಾರ್ಡನ್ನ ಅದು ಸುಮ್ನೆ ಬಿಡಲ್ಲ. ದಾಖಲೆಯಲ್ಲಿರೋ ಫೋನಿಗೆ ‘ಇದು ನೀವೇನಾ?’ ಅಂತ ಕೇಳುತ್ತೆ. ಒಂದು ನಿಮಿಷದಲ್ಲಿ ಯಾರೂ ‘ಹೌದು’ ಒತ್ತದಿದ್ರೆ ಹೊರಗೇ. ಒಬ್ಬರು ಹೊರಗುಳಿದ್ರೂ ನನ್ನ ಕಥೆ ಮುಗೀತು. ಯಾರು ಅಂತ ಹೇಳಿ, ಹೋಗಿ ನಂಬರ್ ಇಸ್ಕೊಂಡು ಬರ್ತೀನಿ.”

ಅಕ್ಕ ಸೊಸೆಯ ಮುಖ ನೋಡಿದರು. ಬಾಯಿಯ ತನಕ ಬಂದದ್ದು ಹಿಂದಕ್ಕೆ ಹೋದದ್ದು ಸೊಸೆಗೂ ಕಂಡಿತು.

“ಕೊಟ್ಟ ಮಾತು ಕಣೇ. ಎಲ್ಲರೆದುರು ನನ್ನ ಫೋನಲ್ಲಿ ‘ಹೌದು’ ಒತ್ತಿದ್ರೂ ಗುಟ್ಟು ಬಯಲೇ. ನಿನ್ನ ಗುಟ್ಟು ಇದ್ದಿದ್ರೂ ಹೀಗೇ ಇಟ್ಕೊಂಡಿರ್ತಿದ್ದೆ.”

ಸೊಸೆಯ ಬೆರಳು ಅಳಿಸುವ ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಎಂಬತ್ತೊಂದು ಜನರ ವಿಷಯದಲ್ಲಿ ಒಂದು ಬೂಟೂ ತಪ್ಪಿ ಹೇಳದ ಹೆಂಗಸು ‘ಇದ್ದಾರೆ’ ಎಂದರೆ ಇದ್ದಾರೆ. ಅವಳು ಬೆರಳು ತೆಗೆದಳು. “ನನ್ನನ್ನ ಮೂಲೆ ಮೇಜಿಗೆ ಹಾಕಿದ್ರೆ ದಿನಾ ನಿಮ್ಮ ಪಾಸ್‌ವರ್ಡ್ ಬದಲಿಸ್ತೀನಿ, ನೋಡ್ತಿರಿ,” ಎಂದಳು. ಅವತ್ತು ಬಸ್ಸಿನಲ್ಲಿ ಅಕ್ಕನ ತುಟಿ ಅಲ್ಲಾಡುತ್ತಿತ್ತು. ಈ ಸಲ ಅದು ದೇವರ ಹೆಸರೇ ಇದ್ದಿರಬಹುದು.

ಶುಕ್ರವಾರ ಬೆಳಿಗ್ಗೆ ಎಂಟು. ಹೊಸ ಗೇಟಿನ ಪಕ್ಕದಲ್ಲಿ ಸಣ್ಣ ಪರದೆ, ಅದರ ಪಕ್ಕದಲ್ಲಿ ಸೊಸೆ, ಅವಳ ಹಿಂದೆ ಕೈಚೀಲ ಅಪ್ಪಿಕೊಂಡು ಹಾಜರಿ ಅಕ್ಕ. ಟೈ ಸರಿ ಮಾಡಿಕೊಳ್ಳುತ್ತ ಪೆಟ್ಟಿಗೆಯವನು ಗೋಡೆಗೊರಗಿ ನಿಂತಿದ್ದ.

ಮೊದಲು ಉದ್ದ ಮಾವ. ಕಾರ್ಡು ತೋರಿಸಿದ, ಹಸಿರು ಹತ್ತಿತು. “ನಾನು ನಾನೇ ಅಂತ ಈಗ ಖಾತ್ರಿ ಆಯ್ತು. ಮನೇಲಿ ಹೇಳ್ಬೇಕು!” ಅವನ ಹಿಂದೆ ಎಡಗೈ, ಎಡಗೈ ಹಿಂದೆ ಕೆಮ್ಮಿನ ತಾತ, ಅಕ್ಕ ಹೇಳಿದ ಸಾಲು ಕಾಲು ಬಂದು ನಡೆದ ಹಾಗೆ ಒಬ್ಬರ ಹಿಂದೆ ಒಬ್ಬರು. ಪ್ಯಾಕಿಂಗ್ ವಿಭಾಗದ ಬಸುರಿ ಹಸಿರು ದಾಟಿ ತಿರುಗಿ ನಿಂತಳು. “ಅಕ್ಕಾ, ನನ್ನ ಏಳು ತಿಂಗಳು ನನಗೆ ವಾಪಸ್ ಕೊಟ್ರಂತಲ್ಲ?” “ಭಾರ ಕಣಮ್ಮ, ನೀನೇ ಹೊರು,” ಎಂದರು ಅಕ್ಕ.

ಒಳಗೆ ಹೋಗುವವರೆಲ್ಲ ಹೋದರು. ಹೊರಗೆ ಬರುವವರೆಲ್ಲ ಬಂದರು. ಏನಾಗುತ್ತದೋ ನೋಡೋಣವೆಂದು ಎರಡೂ ಪಾಳಿಯವರು ಅಲ್ಲೇ ಗುಂಪಾಗಿ ನಿಂತರು. ಒಂದು ಸಲವೂ ಕೆಂಪು ಹತ್ತಿರಲಿಲ್ಲ. ಸೊಸೆ ಉಸಿರು ಬಿಡುವಷ್ಟರಲ್ಲಿ ದೊಡ್ಡವರು ಕಾರಿನಿಂದಿಳಿದು ಬಂದರು. ಅಂಗಿಯ ಜೇಬಿನಿಂದ, ಅಂಚು ಸವೆದ ಹಳೆಯ ಕಾರ್ಡು ತೆಗೆದು ಗೇಟಿಗೆ ತೋರಿಸಿದರು.

ಕೆಂಪು.

ಪೆಟ್ಟಿಗೆಯವನು ಮೆಲ್ಲಗೆ ಗಂಟಲು ಸರಿ ಮಾಡಿಕೊಂಡ. ಅದೇ ಹೊತ್ತಿಗೆ ಅಕ್ಕನ ಕೈಚೀಲದೊಳಗೆ ಫೋನು ಟಿಂಗ್ ಎಂದಿತು.

ಸೊಸೆ ಪರದೆ ನೋಡಿದಳು. ‘ತರಬೇತಿ ಹದಿನೇಳು. ದಾಖಲೆಯಲ್ಲಿರುವ ಫೋನಿಗೆ ಸಂದೇಶ ಹೋಗಿದೆ. ಉಳಿದ ಸಮಯ ಐವತ್ತು ಸೆಕೆಂಡು.’ ತಿರುಗಿ ಅತ್ತೆಯನ್ನು ನೋಡಿದಳು. ಅತ್ತೆ ಕೈಚೀಲವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು, ಒಡೆದ ಬಾಟಲಿಗಳ ಗುಡ್ಡೆ ನೋಡುತ್ತಿದ್ದರು.

“ಏನಮ್ಮ ಇದು?” ಎಂದರು ದೊಡ್ಡವರು. “ನನ್ನನ್ನೇ…” ಅಷ್ಟರಲ್ಲಿ ಅವರ ಕಣ್ಣೂ ಪರದೆಯ ಮೇಲೆ ಬಿತ್ತು. ಹದಿನೇಳು.

ನಲವತ್ತು. ಮೂವತ್ತೈದು. ಚೀಲ ಇನ್ನೊಮ್ಮೆ ಟಿಂಗ್ ಎಂದಿತು.

ಹತ್ತೊಂಬತ್ತು ವರ್ಷದ ಹಿಂದೆ, ಇಸ್ತ್ರಿ ಮಾಡಿದ ಒಂದೇ ಅಂಗಿಯಲ್ಲಿ ತರಬೇತಿಗೆ ಬಂದವರೊಬ್ಬರು ಹಾಜರಿ ಕಿಟಕಿಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಜೊತೆಯವರೆಲ್ಲರ ಕೈಯಲ್ಲೂ ಫೋನಿತ್ತು. ‘ನನ್ನ ಹತ್ರ ಇಲ್ಲ ಅಂತ ಯಾರಿಗೂ ಹೇಳಬೇಡಿ ಅಕ್ಕ,’ ಎಂದಿದ್ದರು. ಆಮೇಲೆ ಅವರು ಮೇಲೇರಿದರು, ಕಚೇರಿಯ ಕಾಗದ ಪತ್ರವೆಲ್ಲ ಹೊಸ ಹುದ್ದೆಯ ಹೆಸರಿಗೆ ಬಂತು. ಕಾರ್ಡು ಮಾತ್ರ ಹಳೆಯ ಸಂಖ್ಯೆಯಲ್ಲೇ ಉಳಿದುಹೋಯಿತು.

ಇಪ್ಪತ್ತು. ದೊಡ್ಡವರ ಕಿವಿ ಎರಡೂ ಗೇಟಿನ ದೀಪದ ಬಣ್ಣಕ್ಕೆ ತಿರುಗಿದ್ದವು.

“ಅಕ್ಕಾ, ಫೋನ್ ತೆಗೀರಿ.”

“ಯಾರದ್ದೋ ಇರಬೇಕು ಸಾರ್.”

“ನಂದೇ. ಒತ್ತಿಬಿಡಿ.”

“ಒತ್ತಲಾ? ಇಷ್ಟು ವರ್ಷ ನಾನಂತೂ ಬಾಯಿ ಬಿಟ್ಟಿಲ್ಲ.”

“ಗೊತ್ತು. ಈಗ ಎರಡು ಪಾಳಿಗೆ ನಾನೇ ಹೇಳಿದ್ನಲ್ಲ! ಒತ್ತಿ, ಹತ್ತೇ ಉಳಿದಿರೋದು!”

ಅಕ್ಕ ಚೀಲದ ಜಿಪ್ಪು ಎಳೆದು, ಕನ್ನಡಕ ಹುಡುಕಿ, ಹಾಕಿಕೊಂಡು, ‘ಇದು ನೀವೇನಾ?’ ಎಂಬುದನ್ನು ಪೂರ್ತಿ ಓದಿ, ದೊಡ್ಡವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಖಾತ್ರಿ ಮಾಡಿಕೊಂಡು ‘ಹೌದು’ ಒತ್ತಿದರು. ಮೂರು ಸೆಕೆಂಡು ಉಳಿದಿತ್ತು. ಹಸಿರು.

ಗೇಟು ದಾಟಿದ ದೊಡ್ಡವರು ಒಂದು ಹೆಜ್ಜೆ ಇಟ್ಟು ನಿಂತರು. “ಹಾಗಾದ್ರೆ ಪ್ರತಿ ವರ್ಷ ನನ್ನ ಮೇಜಿನ ಮೇಲೆ ಚೀಟಿ? ‘ನಾಳೆ ರಕ್ತ ಪರೀಕ್ಷೆ, ಬೆಳಿಗ್ಗೆ ಏನೂ ತಿನ್ನಬೇಡಿ’ ಅಂತ?”

“ನಾನೇ ಸಾರ್.”

“ನಾನು ವರ್ಷಾ ವರ್ಷಾ ನರ್ಸಮ್ಮನಿಗೆ ಥ್ಯಾಂಕ್ಸ್ ಹೇಳ್ತಿದ್ದೆನಲ್ಲ!”

“ಅವರೂ ಬೇಡ ಅಂದಿರಲ್ಲ.”

ಗುಂಪಿನಲ್ಲಿ ಮೊದಲು ನಕ್ಕವನು ಉದ್ದ ಮಾವ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ನಗು ಸ್ವಲ್ಪ ತಗ್ಗಲಿ ಎಂದು ಕಾದು ಪೆಟ್ಟಿಗೆಯವನು ಮುಂದೆ ಬಂದ. “ನಮ್ಮದ್ರಲ್ಲಿ ಇಂಥ ಮುಜುಗರ ಆಗೋದೇ ಇಲ್ಲ ಸಾರ್. ಹೆಸರಿಲ್ಲದ ಹಳೇ ದಾಖಲೆ ಇದ್ರೆ ಅದಾಗೇ ಅಳಿಸಿಬಿಡುತ್ತೆ.”

“ಅಂದ್ರೆ ನನ್ನನ್ನ,” ಎಂದರು ದೊಡ್ಡವರು.

ಪೆಟ್ಟಿಗೆಯವನು ಟೈ ಮುಟ್ಟಿಕೊಂಡ. ದೊಡ್ಡವರು ಸೊಸೆಯ ಕಡೆ ತಿರುಗಿದರು. “ನಿನ್ನದು ಯಾಕೆ ಅಳಿಸಲಿಲ್ಲ?”

“ಅತ್ತೆ ಬೇಡ ಅಂದ್ರು ಸಾರ್.”

“ಅದೂ ಅದರಲ್ಲಿ ಬರೆದಿದೆಯೋ?”

“ಬರೆದಿದೆ ಸಾರ್. ಒಂದು ನಂಬರಿಗೆ ಜನ ಜಾಸ್ತಿ ಇದ್ರೆ ಮನುಷ್ಯರನ್ನ ಕೇಳಬೇಕು ಅಂತ. ಮಂಗಳವಾರ ನಾನೇ ಬರೆದಿದ್ದು. ಬೇಕಾದ್ರೆ ಬಿಚ್ಚಿ ತೋರಿಸ್ತೀನಿ.”

“ಬೇಡ. ಇವತ್ತಿಗೆ ಬಿಚ್ಚಿದ್ದು ಸಾಕು.” ದೊಡ್ಡವರು ಜೇಬಿನಿಂದ ತಮ್ಮ ಫೋನು ತೆಗೆದು ಅವಳ ಕೈಗೆ ಕೊಟ್ಟರು. “ನನ್ನ ನಂಬರ್ ಹಾಕ್ಕೋ. ನಿಂದೇ ಇರಲಿ ಈ ಗೇಟಿಗೆ.”

ಸಂಜೆ ನಾಲ್ಕಕ್ಕೆ ಮತ್ತೆ ಪಾಳಿ ಬದಲಾಯಿತು. ದಿನವೂ ಆ ಹೊತ್ತಿಗೆ ಮಿಡತೆಯ ಹಾಗೆ ಕುಪ್ಪಳಿಸುತ್ತಿದ್ದ ಫೋನು ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಅಕ್ಕ ಅದನ್ನು ಎತ್ತಿ ಅಲ್ಲಾಡಿಸಿ ನೋಡಿ, ಸೊಸೆಯನ್ನು ಕರೆದರು.

“ಕೆಟ್ಟಿದೆಯೇನೋ ನೋಡು.”

“ಕೆಟ್ಟಿಲ್ಲ ಅತ್ತೆ. ಈಗ ಆ ನಂಬರಿಗೆ ಇರೋದು ಒಬ್ಬರೇ. ನೀವು.”

“ನನ್ನ ಪಾಳಿ ನನಗೆ ಗೊತ್ತಲ್ಲೇ. ನನಗೆ ನಾನು ಏನಂತ ಹೇಳಿ ಕಳಿಸ್ಲಿ?”

ಸೊಸೆ ತನ್ನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಟಿಂಗ್ ಎಂದಿತು. ಅಕ್ಕ ಕನ್ನಡಕ ಹಾಕಿಕೊಂಡರು. ‘ಅತ್ತೆ, ಮನೆಗೆ ಹೊರಡೋಣವಾ? ಆಗಲಿ ಅಂದ್ರೆ ಹೌದು ಒತ್ತಿ.’

ಅಕ್ಕ ಎರಡು ಸಲ ಓದಿದರು. ಚೀಲ ಹೆಗಲಿಗೇರಿಸಿ, ದೀಪ ಆರಿಸಿ, ಬಾಗಿಲ ಹತ್ತಿರ ಬಂದು ನಿಂತರು. ಹೌದು ಮಾತ್ರ ಒತ್ತಲಿಲ್ಲ. ಇನ್ನೊಂದು ಸಲ ಸದ್ದು ಮಾಡಲಿ ಎಂದು ಫೋನು ಹಿಡಿದುಕೊಂಡು ಕಾದರು.